ವಿಮಾನಯಾನದಲ್ಲಿ ಆಹಾರದ ಅಲರ್ಜಿ

ಯಾವುದೋ ಒಂದು ಆಹಾರದ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಹಗೆಯೆಂದು ತಪ್ಪಾಗಿ ಗುರುತಿಟ್ಟುಕೊಂಡು, ಅದು ಮತ್ತೆ ಒಳಗೆ ಬಂದಾಗಲೆಲ್ಲ ಅದರ ಮೇಲೆ ತಿರುಗಿ ಬೀಳುವುದೇ ಆಹಾರದ ಅಲರ್ಜಿ. ತುಟಿ ತುರಿಸುವುದು, ಮೈಮೇಲೆ ಪಿತ್ತದ ಗಂಧೆ ಏಳುವುದು, ಹೊಟ್ಟೆ ನುಲಿಯುವುದು ಇದರ ಹಗುರ ರೂಪಗಳು. ಗಂಟಲು ಊದಿ ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುವುದು ಉಗ್ರ ರೂಪ. ವೈದ್ಯರು ಅದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ. ನೆಲದ ಮೇಲಿದ್ದರೆ ಆಂಬುಲೆನ್ಸ್ ಉಂಟು, ಆಸ್ಪತ್ರೆ ಉಂಟು. 35 ಸಾವಿರ ಅಡಿ ಎತ್ತರದಲ್ಲಿ ಕೈಗೆ ಸಿಗುವುದು ಸೀಟಿನ ಮೇಲಿನ ಕರೆಗುಂಡಿ ಒಂದೇ. ಪೈಲಟ್ ಹತ್ತಿರದ ನಿಲ್ದಾಣಕ್ಕೆ ತಿರುಗಿಸಿದರೂ ಚಕ್ರ ನೆಲ ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ಕಳೆದಿರಬಹುದು. ಈ ಅಸಹಾಯಕತೆಯ ಭಯದಿಂದಲೇ ವಿಮಾನದ ಅಲರ್ಜಿಯ ಮಾತು ಎಲ್ಲಿ ಶುರುವಾದರೂ ಪಕ್ಕದ ಸೀಟಿನವರು ಬಿಚ್ಚುವ ಕಡಲೆಬೀಜದ ಪೊಟ್ಟಣಕ್ಕೆ ಬಂದು ನಿಲ್ಲುತ್ತದೆ. ಆದರೆ ಇದುವರೆಗೆ ಸಿಕ್ಕಿರುವ ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವುದು ಬೇರೆ: ಪ್ರಯಾಣಿಕರ ಕ್ಷೇಮ ಬಹುಪಾಲು ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ರೋಗದ ಖಚಿತ ನಿರ್ಣಯ, ಜೊತೆಗಿರುವ ಬುತ್ತಿ, ಕೈಚೀಲದಲ್ಲಿರುವ ಅಡ್ರಿನಲಿನ್ ಚುಚ್ಚುಮದ್ದು ಈ ಮೂರೂ ಸರಿಯಿದ್ದರೆ ಅಕ್ಕಪಕ್ಕದವರು ಏನು ತಿಂದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಭಾರತದಲ್ಲಿ ಈ ಮೂರೂ ಇನ್ನೂ ದುರ್ಬಲವಾಗಿವೆ ಎಂಬುದೇ ಇಲ್ಲಿನ ನಿಜವಾದ ಚಿಂತೆ.

ತೊಡಕು ಮಾತಿನಲ್ಲೇ ಆರಂಭವಾಗುತ್ತದೆ. ಕನ್ನಡದಲ್ಲಿ 'ಒಗ್ಗುವುದಿಲ್ಲ' ಎಂಬ ಒಂದೇ ಪದ ನಾಲಿಗೆಗೆ ಹಿಡಿಸದ್ದಕ್ಕೂ, ಹೊಟ್ಟೆ ಉಬ್ಬರಿಸುವುದಕ್ಕೂ, ಪಥ್ಯಕ್ಕೂ, ಜೀವಕ್ಕೆ ಕುತ್ತು ತರುವುದಕ್ಕೂ ಸಲ್ಲುತ್ತದೆ. ಹಾಗೆಂದು ಊಟದ ಕಟ್ಟುಪಾಡನ್ನು ಕೇಳಿ ತಿಳಿದು ನಡೆಯುವ ಸಂಸ್ಕೃತಿ ನಮ್ಮಲ್ಲಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ದೆಹಲಿಯ ವಾಯವ್ಯ ಭಾಗದ ಪೀತಮ್‌ಪುರವನ್ನೇ ನೋಡಬಹುದು. ಜೈನ, ಅಗರ್ವಾಲ ಮನೆತನಗಳು ಹೆಚ್ಚಾಗಿರುವ ಆ ಬಡಾವಣೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ನವರಾತ್ರಿ ಬಂತೆಂದರೆ ಅಂಗಡಿಯ ಮುಂಭಾಗಕ್ಕೆ ವ್ರತದ ಹಿಟ್ಟುಗಳು ಬಂದು ಕೂರುತ್ತವೆ. ವಿಮಾನಯಾನ ಸಂಸ್ಥೆಗಳೂ ಈ ಶಿಸ್ತನ್ನು ಕಲಿತಿವೆ: ಜೈನ ಊಟಕ್ಕೆ ವಿಜೆಎಂಎಲ್, ಭಾರತೀಯ ಸಸ್ಯಾಹಾರಕ್ಕೆ ಎವಿಎಂಎಲ್ ಎಂಬ ನಾಲ್ಕಕ್ಷರದ ಸಂಕೇತಗಳಿವೆ, ಹೊರಡುವ 24ರಿಂದ 48 ಗಂಟೆ ಮೊದಲು ಹೇಳಿದರೆ ತಟ್ಟೆ ಬರುತ್ತದೆ. ಇಷ್ಟಿರುವಾಗ ಅಲರ್ಜಿಯವರಿಗೂ ಅದೇ ದಾರಿ ಸಾಕಲ್ಲ ಎಂದು ಕೇಳುವುದು ಸಹಜ. ಸಾಲದು. ಈ ಊಟಗಳ ಲೆಕ್ಕಾಚಾರವೇ ಬೇರೆ. ಜೈನ ಅಡುಗೆಯಲ್ಲಿ ಈರುಳ್ಳಿ ಇರುವುದಿಲ್ಲ, ನಿಜ. ಆದರೆ ಈರುಳ್ಳಿ ಇಲ್ಲದ ಗ್ರೇವಿಯನ್ನು ಗಟ್ಟಿ ಮಾಡಲು ಅಡುಗೆಯವರು ಮೊದಲು ಕೈಹಾಕುವುದು ಅರೆದ ಗೋಡಂಬಿಗೆ, ಆಮೇಲೆ ಕೆನೆಗೆ. ಇಡೀ ವಿಮಾನದಲ್ಲಿ ಅತ್ಯಂತ ಮಡಿಯಿಂದ ಸಿದ್ಧವಾದ ತಟ್ಟೆ ಗೋಡಂಬಿ ಅಲರ್ಜಿಯವರಿಗೆ ಅತ್ಯಂತ ಅಪಾಯದ ತಟ್ಟೆಯಾಗಬಹುದು. ಲ್ಯಾಕ್ಟೋಸ್ ಕಡಿಮೆಯಿರುವ ಎನ್‌ಎಲ್‌ಎಂಎಲ್ ಊಟದ ವಿಷಯವೂ ಹೀಗೆಯೇ. ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಅಲರ್ಜಿ ತರುವುದು ಹಾಲಿನ ಪ್ರೋಟೀನು. ಸಕ್ಕರೆ ತೆಗೆದ ಹಾಲಿನಲ್ಲಿ ಪ್ರೋಟೀನು ಹಾಗೆಯೇ ಉಳಿದಿರುತ್ತದೆ. ಹಾಲಿನ ಅಲರ್ಜಿಯ ಮಗುವಿಗೆ ಈ ಊಟ ಕಾಯ್ದಿರಿಸಿದ ಪೋಷಕರು ಒಳ್ಳೆಯದನ್ನೇ ಮಾಡಿದೆವೆಂದು ನಂಬಿ ಕೆಡುಕನ್ನು ತಂದುಕೊಂಡಿರುತ್ತಾರೆ.

ಯಾರಿಗೆ ನಿಜವಾಗಿ ಅಲರ್ಜಿ ಇದೆ, ಯಾರಿಗೆ ಇಲ್ಲ ಎಂಬುದನ್ನು ಬಿಡಿಸಿ ನೋಡಿದ ಒಳ್ಳೆಯ ಭಾರತೀಯ ಅಧ್ಯಯನಗಳಲ್ಲಿ ಹಲವು ಕರ್ನಾಟಕದವು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಬದನೆಕಾಯಿಯ ಅಧ್ಯಯನದಲ್ಲಿ 741 ಜನರನ್ನು ಪರೀಕ್ಷಿಸಲಾಗಿತ್ತು. ಚರ್ಮದ ಚುಚ್ಚು ಪರೀಕ್ಷೆಯಲ್ಲಿ ಶೇ. 9.2 ಜನರಿಗೆ ಗುಳ್ಳೆ ಎದ್ದಿತು. ಐಜಿಇ ಪ್ರತಿಕಾಯದಿಂದ ಬರುವ ನಿಜವಾದ ಬದನೆ ಅಲರ್ಜಿ ಕಂಡದ್ದು ಶೇ. 0.8 ಜನರಲ್ಲಿ. ಯೂರೋಪಿನ ಯೂರೋಪ್ರಿವಾಲ್ ಯೋಜನೆಯ ಅಂಗವಾಗಿ ಕರ್ನಾಟಕದಲ್ಲೇ 11,791 ವಯಸ್ಕರನ್ನು ಒಳಗೊಂಡು ನಡೆದ, 2016ರಲ್ಲಿ ಪ್ರಕಟವಾದ ಸಮೀಕ್ಷೆಯೂ ಅದನ್ನೇ ಹೇಳಿತು: ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇದ್ದವರು ಶೇ. 26.5, ಲಕ್ಷಣಗಳೂ ಹೊಂದಿಕೆಯಾಗಿ ಅಲರ್ಜಿ ಇರಬಹುದಾದವರು ಶೇ. 1.2. ದೆಹಲಿ ವಿಶ್ವವಿದ್ಯಾಲಯದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ 2010ರ ವರದಿಯಲ್ಲಿ ಆಸ್ತಮಾ ಮತ್ತು ಮೂಗಿನ ಅಲರ್ಜಿಯ 1,860 ರೋಗಿಗಳಲ್ಲಿ 1,097 ಮಂದಿ ತಮಗೆ ಆಹಾರ ಒಗ್ಗುವುದಿಲ್ಲ ಎಂದಿದ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸಂಶೋಧಕರ ಅಂದಾಜು ಶೇ. 4.5ಕ್ಕೆ ಇಳಿಯಿತು. ರಕ್ತಪರೀಕ್ಷೆಯ ದೊಡ್ಡ ಪಟ್ಟಿ ಹಿಡಿದು ಇಪ್ಪತ್ತು ಪದಾರ್ಥ ಬಿಟ್ಟಿರುವ ಮನೆಗಳು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಸಾಕಷ್ಟಿವೆ. ಪಟ್ಟಿಯಲ್ಲಿ ಹೆಸರು ಬಂದರೆ ದೇಹ ಆ ಆಹಾರವನ್ನು ಗುರುತಿಸಿದೆ ಎಂದಷ್ಟೇ ಅರ್ಥ. ತಿಂದಾಗ ಏನಾಗುತ್ತದೆ ಎಂಬುದನ್ನು ವೈದ್ಯರು ರೋಗಿಯ ಚರಿತ್ರೆ ಕೇಳಿ, ಅಗತ್ಯವಿದ್ದರೆ ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಿ, ನಿರ್ಧರಿಸಬೇಕು.

ಹೀಗೆ ಹೇಳಿದರೆ ರೋಗಿಗಳ ಮಾತನ್ನೇ ಅನುಮಾನಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ಪರಿಣಾಮ ತದ್ವಿರುದ್ಧ. ಗಗನಸಖಿಯೊಬ್ಬರಿಗೆ ದಿನಕ್ಕೆ ಹತ್ತು ಮಂದಿ 'ನನಗೆ ಅಲರ್ಜಿ' ಎಂದು ಹೇಳಿ, ಅವರಲ್ಲಿ ಒಂಬತ್ತು ಮಂದಿಯದು ಬರೀ ಇಷ್ಟಾನಿಷ್ಟವಾಗಿದ್ದರೆ, ಹತ್ತನೆಯವರ ಮಾತಿನ ತೂಕವೂ ಇಳಿಯುತ್ತದೆ. ಪದ ಸವೆದುಹೋದಾಗ ನಷ್ಟ ಯಾರಿಗೆ ನಿಜವಾದ ಅಲರ್ಜಿ ಇದೆಯೋ ಅವರಿಗೇ. ಇನ್ನೊಂದು ಆಕ್ಷೇಪ, ಭಾರತದಲ್ಲಿ ಇದು ಅಪರೂಪದ ಕಾಯಿಲೆ, ಇಷ್ಟು ಗದ್ದಲವೇಕೆ ಎಂಬುದು. 2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಭಾರತದ ಶಾಲಾಮಕ್ಕಳ ಪ್ರಮಾಣ ಶೇ. 0.14 ಮಾತ್ರ, ಹಾಂಗ್‌ಕಾಂಗಿನ ಮಕ್ಕಳದು ಶೇ. 1.5. ಅಪರೂಪ ಎಂಬುದು ಸರಿ. ಹಾಗಾಗಿ ಬಿಟ್ಟುಬಿಡಬಹುದು ಎಂಬುದು ಸರಿಯಲ್ಲ. ವಯಸ್ಕರ ಶೇ. 1.2ರ ಲೆಕ್ಕ ಹಿಡಿದರೆ 180 ಸೀಟಿನ ವಿಮಾನದಲ್ಲಿ ಸರಾಸರಿ ಇಬ್ಬರು ಇರುತ್ತಾರೆ. ಅವರಲ್ಲಿ ಹೆಚ್ಚಿನವರ ತೊಂದರೆ ಹಗುರವಾದದ್ದು, ಉಗ್ರ ಅಲರ್ಜಿಯವರು ಇನ್ನೂ ಕಡಿಮೆ. ಆದರೆ ಕಾಯಿಲೆ ಅಪರೂಪವಾದಷ್ಟೂ ಅದನ್ನು ಕಣ್ಣಾರೆ ಕಂಡ ಸಿಬ್ಬಂದಿಯೂ ಅಪರೂಪ, ಲಕ್ಷಣ ಗುರುತಿಸಲು ಹಿಡಿಯುವ ಹೊತ್ತೂ ಹೆಚ್ಚು.

ಏನನ್ನು ಅಲರ್ಜಿಕಾರಕ ಎಂದು ಕರೆಯಬೇಕು ಎಂಬುದರಲ್ಲೂ ನಮ್ಮ ತಟ್ಟೆಗೂ ನಮ್ಮ ಕಾನೂನಿಗೂ ಹೊಂದಾಣಿಕೆ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಲೇಬಲಿಂಗ್ ನಿಯಮಗಳು ಪೊಟ್ಟಣದ ಮೇಲೆ ಕಡ್ಡಾಯವಾಗಿ ಹೇಳಬೇಕಾದ ಎಂಟು ಗುಂಪುಗಳನ್ನು ಹೆಸರಿಸುತ್ತವೆ: ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಯಂಥ ಚಿಪ್ಪುಜೀವಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಮರಬೀಜ, ಸೋಯಾ, ಹಾಗೂ ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವ ಸಲ್ಫೈಟ್. ಈಗ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅಂಗೈಯಲ್ಲಿ ಹರಡಿ ನೋಡಿ. ಬಿಳಿ ಎಳ್ಳು, ಹುರಿದ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚು. ಕಡಲೆಬೀಜವನ್ನು ಆ ಪಟ್ಟಿ ಹಿಡಿಯುತ್ತದೆ. ಎಳ್ಳು ಅದರಲ್ಲಿಲ್ಲ, ಹುರಿಗಡಲೆಯೂ ಇಲ್ಲ. ಅದೇ ಚಳಿಗಾಲದಲ್ಲಿ ದೆಹಲಿಯಿಂದ ಹೊರಡುವವರ ಚೀಲಗಳಲ್ಲಿ ರೇವಡಿ, ಗಜಕ್ ಇರುತ್ತವೆ, ಎರಡೂ ಎಳ್ಳಿನವೇ. ಅಮೆರಿಕ 2021ರ ಕಾನೂನಿನ ಮೂಲಕ ಎಳ್ಳನ್ನು ಒಂಬತ್ತನೆಯ ಅಲರ್ಜಿಕಾರಕವಾಗಿ ಸೇರಿಸಿಕೊಂಡಿತು. ಯೂರೋಪಿನ 14ರ ಪಟ್ಟಿಯಲ್ಲಿ ಎಳ್ಳೂ ಇದೆ, ಸಾಸಿವೆಯೂ ಇದೆ. ಕಡಲೆಕಾಳು ನಮ್ಮ ಉಪಖಂಡದ ಮುಖ್ಯ ಅಲರ್ಜಿಕಾರಕಗಳಲ್ಲಿ ಒಂದೆಂದು 2001ರಲ್ಲೇ ಭಾರತೀಯ ಸಂಶೋಧಕರು ಬರೆದಿದ್ದಾರೆ, ಮೇಲೆ ಹೇಳಿದ ದೆಹಲಿಯ ವರದಿಯಲ್ಲಿ ಅಕ್ಕಿ, ಉದ್ದು, ಬೇಳೆಗಳು ಮುಂದಿನ ಸಾಲಿನಲ್ಲಿವೆ. ಪೀತಮ್‌ಪುರದ ನವರಾತ್ರಿಯ ಕುಟ್ಟು (ಬಕ್‌ವೀಟ್) ಹಿಟ್ಟನ್ನು ಜಪಾನಿನಲ್ಲಿ ಸೋಬಾ ಎಂಬ ಹೆಸರಿನಲ್ಲಿ ಕಡ್ಡಾಯವಾಗಿ ಲೇಬಲ್ಲಿನ ಮೇಲೆ ಹೇಳಬೇಕು. ಇಲ್ಲಿ ಅದು ಉಪವಾಸದ ಹಗುರ ಆಹಾರವಷ್ಟೆ. ಭಾಷೆಯ ಬದಲಾವಣೆಯಲ್ಲೂ ಅಪಾಯ ಅಡಗಿದೆ. ಕನ್ನಡದಲ್ಲಿ ಕಡಲೆ, ಕಡಲೆಬೀಜ, ಹುರಿಗಡಲೆ ಎಂಬ ಹೆಸರುಗಳು ಒಂದರ ಮೈಮೇಲೊಂದು ಬೀಳುತ್ತವೆ. ಹಿಂದಿಯಲ್ಲಿ ಚನಾ ಬೇರೆ, ಮೂಂಗ್‌ಫಲಿ ಬೇರೆ. ದೆಹಲಿಯಲ್ಲಿ ನೆಲೆಸಿದ ಕನ್ನಡ ಮನೆಯವರು 'ಕಡಲೆ ಆಗುವುದಿಲ್ಲ' ಎಂದದ್ದನ್ನು ಚನಾ ಎಂದು ಅನುವಾದಿಸಿದರೆ ಶೇಂಗಾ ತಟ್ಟೆಯಲ್ಲೇ ಉಳಿಯುತ್ತದೆ. ಅಲರ್ಜಿಯ ಚೀಟಿಯನ್ನು ಹೊರಡುವ ಊರಿನ, ಇಳಿಯುವ ಊರಿನ ಮತ್ತು ಇಂಗ್ಲಿಷಿನ ಹೆಸರುಗಳಲ್ಲಿ ಬರೆದಿಡುವುದು ಇದಕ್ಕಾಗಿಯೇ.

ಈಗ ಪಕ್ಕದ ಸೀಟಿನ ಪೊಟ್ಟಣದ ಮಾತು. ಕಡಲೆಬೀಜದ ಪ್ರೋಟೀನು ಗಾಳಿಯಲ್ಲಿ ತೇಲಿ ಇಡೀ ಕ್ಯಾಬಿನ್ನಿಗೆ ಹರಡುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿದೆಯೋ ಸಾಕ್ಷ್ಯ ಅಷ್ಟೇ ತೆಳುವಾಗಿದೆ. 2003ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಉಗ್ರ ಅಲರ್ಜಿಯ 30 ಮಕ್ಕಳ ಮುಖದ ಹತ್ತಿರ ಹತ್ತು ನಿಮಿಷ ಪೀನಟ್ ಬಟರ್ ಹಿಡಿದರೂ ಯಾರಿಗೂ ಉಸಿರಾಟದ ತೊಂದರೆ ಬರಲಿಲ್ಲ. ವಿಮಾನದ ಗಾಳಿ ಉದ್ದುದ್ದಕ್ಕೆ ಹರಿಯುವುದಿಲ್ಲ. ಮೇಲಿನಿಂದ ಬಂದು ಅದೇ ಸಾಲಿನ ಆಸುಪಾಸಿನಲ್ಲಿ ಕೆಳಗಿಳಿದು, ಕೆಲವೇ ನಿಮಿಷಗಳಿಗೊಮ್ಮೆ ಪೂರ್ತಿ ಬದಲಾಗುತ್ತದೆ. ಮರುಬಳಕೆಯಾಗುವ ಭಾಗ ಹೆಪಾ ಸೋಸುಕದ ಮೂಲಕ ಹಾಯುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪಾಲ್ ಟರ್ನರ್ ಮತ್ತು ವಿಮಾನ ವೈದ್ಯಕೀಯದ ನೈಜೆಲ್ ಡೌಡಾಲ್, ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕಾಗಿ ಮಾಡಿ 2024ರಲ್ಲಿ ವೈದ್ಯ ಪತ್ರಿಕೆಯಲ್ಲೂ ಪ್ರಕಟಿಸಿದ ವಿಮರ್ಶೆಯಲ್ಲಿ, ಬೀಜಗಳ ಕಣ ಗಾಳಿವ್ಯವಸ್ಥೆಯ ಮೂಲಕ ಹರಡುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಹಾರಾಟದಲ್ಲಿ ಅಲರ್ಜಿ ಪ್ರಸಂಗಗಳು ಹತ್ತು ಲಕ್ಷ ಪ್ರಯಾಣಿಕರಿಗೆ 0.7ರಷ್ಟು ಎಂದು ಅವರು ಲೆಕ್ಕ ಹಾಕಿದರು. ಹಾಗಾದರೆ ವಿಮಾನಯಾನ ಸಂಸ್ಥೆಗಳು ಬೀಜ ಹಂಚುವುದನ್ನು ನಿಲ್ಲಿಸಬೇಕೆಂಬ ಬೇಡಿಕೆ ಪೊಳ್ಳೇ? ಪೂರ್ತಿ ಪೊಳ್ಳಲ್ಲ. ಮಗುವಿನ ಪಕ್ಕದಲ್ಲೇ ಗೋಡಂಬಿ ಡಬ್ಬಿ ತೆರೆದು, ಅದೇ ಕೈಯಿಂದ ಆಟಿಕೆ ಎತ್ತಿಕೊಟ್ಟರೆ ಅಪಾಯ ಇದ್ದೇ ಇದೆ. ಕೆನಡಾದ ಸಾರಿಗೆ ಪ್ರಾಧಿಕಾರ 2010ರಲ್ಲಿ ಅಲರ್ಜಿಯವರ ಸುತ್ತ ಬೀಜವಿಲ್ಲದ ಸಾಲುಗಳನ್ನು ಕಾಯ್ದಿಡುವಂತೆ ಏರ್ ಕೆನಡಾಕ್ಕೆ ಹೇಳಿದ್ದು ಈ ಮಟ್ಟಿಗೆ ಸಮಂಜಸ. ಆದರೆ ಇಡೀ ವಿಮಾನದಲ್ಲಿ ನಿಷೇಧ ಘೋಷಿಸಿದರೂ ಇನ್ನೂರು ಕೈಚೀಲಗಳಲ್ಲಿ ಏನಿದೆ ಎಂದು ಯಾರು ಹೇಳಬಲ್ಲರು? ಪೂರೈಸಲಾಗದ ಭರವಸೆ ಪೋಷಕರ ಎಚ್ಚರವನ್ನು ಸಡಿಲಿಸುತ್ತದೆ, ಅದೇ ಅದರ ದೊಡ್ಡ ಕೆಡುಕು.

ಅಪಾಯ ಇರುವುದು ಕೈಗೆ ಸಿಗುವ ಮೇಲ್ಮೈಗಳಲ್ಲಿ. ಸೀಟಿನ ಹಿಂಬದಿಯ ಮಡಚು ಮೇಜನ್ನು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ನಡುಭಾಗ ಹೊಳೆಯುತ್ತಿದ್ದರೂ ಅಂಚಿನ ತೋಡಿನಲ್ಲಿ, ಲೋಟ ಇಡುವ ಗುಳಿಯಲ್ಲಿ, ತಿರುಗಿಸುವ ಚಿಲಕದ ಹಿಂದೆ ಹಿಂದಿನ ಪ್ರಯಾಣಿಕರ ತಿಂಡಿಯ ಎಣ್ಣೆ, ಪುಡಿ ಅಂಟಿರುತ್ತದೆ. ಒಂದು ವಿಮಾನ ಇಳಿದು ಮತ್ತೆ ಏರುವ ಬಿಡುವಿನಲ್ಲಿ ಇವನ್ನೆಲ್ಲ ಉಜ್ಜಿ ತೊಳೆಯಲು ಆಗುವುದಿಲ್ಲ. ಮಗು ಅಲ್ಲಿ ಬೆರಳಾಡಿಸಿ ಅದೇ ಬೆರಳನ್ನು ಬಾಯಿಗೆ ಇಡುತ್ತದೆ. 2004ರ ಇನ್ನೊಂದು ಅಧ್ಯಯನ ಈ ಕಣಗಳು ಸಾಬೂನಿನಿಂದಲೂ ಒದ್ದೆ ಒರೆಸುಕಾಗದದಿಂದಲೂ ಹೋಗುತ್ತವೆ, ನೀರಿನಿಂದಷ್ಟೇ ಅಥವಾ ಕೈಗೆ ಹಚ್ಚುವ ಸ್ಯಾನಿಟೈಸರಿನಿಂದ ಪೂರ್ತಿ ಹೋಗುವುದಿಲ್ಲ ಎಂದು ತೋರಿಸಿತು. ಕೋವಿಡ್ ಕಲಿಸಿದ ಸ್ಯಾನಿಟೈಸರ್ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಾರದು. ವೈರಸ್ಸು ಸಾಯಬಹುದು, ಪ್ರೋಟೀನು ಇದ್ದ ಜಾಗದಲ್ಲೇ ಇರುತ್ತದೆ. ಮೇಜು, ಕೈಯಾಸರೆ, ಬೆಲ್ಟಿನ ಕೊಂಡಿ, ಪರದೆ ಇಷ್ಟನ್ನು ಒರೆಸಲು ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ಜನ ನುಗ್ಗುವ ಮೊದಲು ಸಿಗಬೇಕು. ಅಮೆರಿಕದ ಸಾರಿಗೆ ಇಲಾಖೆ 2019ರಲ್ಲಿ ಉಗ್ರ ಬೀಜ ಅಲರ್ಜಿಯವರು ಕೇಳಿದರೆ ಅಂಗವಿಕಲರಂತೆಯೇ ಅವರನ್ನೂ ಮೊದಲು ಹತ್ತಿಸಬೇಕೆಂದು ಒಂದು ದೊಡ್ಡ ಸಂಸ್ಥೆಗೆ ತಾಕೀತು ಮಾಡಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವರ್ಗಗಳಲ್ಲಿ ಆಹಾರದ ಅಲರ್ಜಿ ಇಲ್ಲ. ಕಾಯಿದೆಗೆ ಸೇರಿಸಬೇಕೋ ಬೇಡವೋ ಎಂಬ ಚರ್ಚೆ ದೊಡ್ಡದು; ಐದು ನಿಮಿಷ ಮೊದಲು ಒಳಗೆ ಬಿಡಲು ವಿಮಾನಯಾನ ನಿಯಂತ್ರಕ ಡಿಜಿಸಿಎಯ ಒಂದು ಸುತ್ತೋಲೆ ಸಾಕು. ಸಂಸ್ಥೆಗಳಿಗೆ ಇದರಿಂದ ಖರ್ಚೂ ಇಲ್ಲ.

ಊಟದ ವಿಷಯಕ್ಕೆ ಬಂದರೆ ಬುತ್ತಿಗೆ ಸಮನಾದದ್ದಿಲ್ಲ. ವಿಮಾನದ ಬಿಸಿಯೂಟ ಹಲವು ಗಂಟೆ ಮೊದಲೇ ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ, ತಣಿಸಿ, ಮೇಲೆ ಬಿಸಿಯಾಗಿ ಬರುತ್ತದೆ. ಸಾವಿರಾರು ತಟ್ಟೆಗಳು ಸಾಗುವ ಅಲ್ಲಿ ಸೌಟಿನಿಂದ ಸೌಟಿಗೆ ಏನು ದಾಟಿತೆಂದು ಬಡಿಸುವ ಸಿಬ್ಬಂದಿಗೆ ತಿಳಿಯುವ ಮಾರ್ಗವಿಲ್ಲ. ಪೊಟ್ಟಣದ ಬಿಸ್ಕತ್ತಿಗೆ ಘಟಕಗಳ ಪಟ್ಟಿ ಇರುತ್ತದೆ, ತಗಡುಹಾಳೆ ಮುಚ್ಚಿದ ತಟ್ಟೆಗೆ ಸಾಮಾನ್ಯವಾಗಿ ಇರುವುದಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಚಪಾತಿ, ಚಿತ್ರಾನ್ನ, ಒಣ ಅವಲಕ್ಕಿ ಒಯ್ಯಲು ತಡೆಯಿಲ್ಲ. ದೆಹಲಿಯಿಂದ ಬೆಂಗಳೂರಿಗೆ ಮೂರು ಗಂಟೆಯೊಳಗಿನ ಹಾದಿ. ವಿದೇಶಕ್ಕೆ ಹೋಗುವಾಗ ಉಳಿದದ್ದನ್ನು ಇಳಿಯುವ ಮೊದಲೇ ಮುಗಿಸುವುದು ಒಳ್ಳೆಯದು, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮನೆಯ ತಿಂಡಿಯನ್ನೂ ಸುಂಕದ ಕಟ್ಟೆಯಲ್ಲಿ ಘೋಷಿಸಬೇಕು. ವಿಮಾನ ನಿಲ್ದಾಣದಲ್ಲಿ ಕೊಂಡದ್ದು ಬುತ್ತಿಯಲ್ಲ ಎಂಬುದನ್ನು ಲೋಕಕ್ಕೆ ತೋರಿಸಿದ್ದು 2016ರ ಜುಲೈ 17ರ ದುರಂತ. 15 ವರ್ಷದ ನಟಾಶಾ ಎಡ್ನಾನ್-ಲಪೆರೂಸ್ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ಹಿಟ್ಟಿನೊಳಗೆ ಎಳ್ಳು ಬೆಂದಿತ್ತು, ಹೊದಿಕೆಯ ಮೇಲೆ ಅದರ ಹೆಸರಿರಲಿಲ್ಲ. ಫ್ರಾನ್ಸಿನ ನೀಸ್ ನಗರಕ್ಕೆ ಹೋಗುವ ವಿಮಾನದಲ್ಲಿ ಆಕೆ ಕುಸಿದಳು. ಆ ದಿನವೇ ತೀರಿಕೊಂಡಳು. ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟ ತಿಂಡಿಗೂ ಪೂರ್ತಿ ಘಟಕಪಟ್ಟಿ ಇರಬೇಕೆಂಬ ಬ್ರಿಟನ್ನಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಆಕೆಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಇಷ್ಟಾದರೂ ತಪ್ಪಾಗಬಹುದು. ಆಗ ಕೆಲಸಕ್ಕೆ ಬರುವ ಮೊದಲ ಮದ್ದು ಅಡ್ರಿನಲಿನ್. ಅಲರ್ಜಿಯ ಮಾತ್ರೆಗಳು ತುರಿಕೆಯನ್ನು ತಗ್ಗಿಸುತ್ತವೆ. ಕುಸಿಯುವ ರಕ್ತದೊತ್ತಡವನ್ನು, ಮುಚ್ಚುವ ಗಂಟಲನ್ನು ಹಿಡಿದು ನಿಲ್ಲಿಸುವುದಿಲ್ಲ. ವಿಮಾನದಲ್ಲೇ ಔಷಧಪೆಟ್ಟಿಗೆ ಇರುತ್ತದಲ್ಲ ಎಂಬುದು ಬಹಳ ಜನರ ಸಮಾಧಾನ. ಅಂತರರಾಷ್ಟ್ರೀಯ ಮಾರ್ಗಸೂಚಿಯ ವೈದ್ಯಕೀಯ ಪೆಟ್ಟಿಗೆಯಲ್ಲಿ ಅಡ್ರಿನಲಿನ್ ಸೇರಿದೆ, ಆದರೆ ಆ ಪೆಟ್ಟಿಗೆಯನ್ನು ಕಲ್ಪಿಸಿಕೊಂಡಿರುವುದು ವೈದ್ಯರ ಕೈಗೆಂದು. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ 11,920 ಹಾರಾಟದ ತುರ್ತುಪ್ರಸಂಗಗಳ ಅಧ್ಯಯನದಲ್ಲಿ ವೈದ್ಯರು ನೆರವಿಗೆ ಬಂದದ್ದು ಶೇ. 48.1ರಷ್ಟರಲ್ಲಿ. ಇನ್ನರ್ಧದಲ್ಲಿ ಮುಂದೇನು? ಅಮೆರಿಕ, ಯೂರೋಪುಗಳಲ್ಲಿ ತೊಡೆಗೆ ಒತ್ತಿದರೆ ಸಾಕಾಗುವ ಆಟೊ ಇಂಜೆಕ್ಟರ್ ರೋಗಿಯ ಚೀಲದಲ್ಲೇ ಇರುತ್ತದೆ, 2024ರಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್ನಿಗೂ ಅಲ್ಲಿ ಅನುಮತಿ ಸಿಕ್ಕಿತು. ನಮ್ಮ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕಿರುಬೆರಳ ಗೆಣ್ಣಿನಷ್ಟು ಗಾಜಿನ ಆಂಪೂಲ್: ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ. ಅದರ ಕತ್ತು ಮುರಿಯಬೇಕು, ಸಿರಿಂಜಿನ ಸೂಜಿಯನ್ನು ಗಾಜಿನ ಬಾಯಿಗೆ ಇಳಿಸಬೇಕು, ಗಾಳಿಗುಳ್ಳೆ ಬಾರದಂತೆ ಎಳೆಯಬೇಕು, ತೂಕಕ್ಕೆ ತಕ್ಕ ಗೆರೆಯಲ್ಲಿ ನಿಲ್ಲಿಸಬೇಕು. ಕಿಲೋಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ 15 ಕಿಲೋ ತೂಕದ ಮಗುವಿಗೆ ಬೇಕಾದದ್ದು 0.15 ಮಿಲಿಲೀಟರ್. ಕೈನಡುಕದಲ್ಲಿ ಪೂರ್ತಿ ಆಂಪೂಲ್ ಏರಿಸಿಬಿಟ್ಟರೆ ಅದು ಆರು ಪಟ್ಟಿಗಿಂತ ಹೆಚ್ಚು. ಮಬ್ಬು ಬೆಳಕಿನ, ಅಲುಗಾಡುವ ಸೀಟಿನಲ್ಲಿ ಉಸಿರಿಗೆ ಒದ್ದಾಡುವ ಮಗುವನ್ನು ಹಿಡಿದುಕೊಂಡು ಇದನ್ನೆಲ್ಲ ಮಾಡಿರೆಂದು ತಾಯಿತಂದೆಯರಿಗೆ ಹೇಳುವುದು ನ್ಯಾಯವಲ್ಲ. ವೈದ್ಯರಿಂದ ಮೊದಲೇ ಅಳೆದು ತುಂಬಿಸಿಕೊಂಡ ಸಿರಿಂಜನ್ನು ಗಟ್ಟಿ ಡಬ್ಬಿಯಲ್ಲಿಟ್ಟು, ಅವರು ಹೇಳಿದ ಅವಧಿಗೊಮ್ಮೆ ಬದಲಿಸುವುದು ಸದ್ಯದ ದಾರಿ. ಪರದೇಶದಿಂದ ಸ್ವಂತ ಬಳಕೆಗೆ ತರಿಸಿಕೊಳ್ಳುವವರೂ ಇದ್ದಾರೆ. ಎರಡೂ ಉಳ್ಳವರ, ತಿಳಿದವರ ಉಪಾಯಗಳು. ಇಷ್ಟೊಂದು ಬಗೆಯ ಮದ್ದು ತಯಾರಿಸಿ ಲೋಕಕ್ಕೆ ಕಳಿಸುವ ದೇಶದಲ್ಲಿ ಈ ಒಂದು ಸಾಧನ ಮೂಲೆಯ ಅಂಗಡಿಗೆ ಬಾರದಿರುವುದಕ್ಕೆ ಕಾಯಿಲೆ ಅಪರೂಪ ಎಂಬ ಕಾರಣ ಸಾಲದು. ಬೇಡಿಕೆ ಕಡಿಮೆಯಿರುವಲ್ಲೇ ಸರ್ಕಾರ ಕೈ ಹಾಕಬೇಕಾಗುತ್ತದೆ.

ನಟಾಶಾಗೆ ತಂದೆ ಎರಡು ಚುಚ್ಚುಮದ್ದು ಕೊಟ್ಟರೂ ಆಕೆ ಉಳಿಯಲಿಲ್ಲ, ಹಾಗಾದರೆ ಅಡ್ರಿನಲಿನ್ ಮೇಲೆ ಇಷ್ಟು ಭರವಸೆ ಏಕೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಎಲ್ಲ ಸಲವೂ ಗೆಲ್ಲುವ ಮದ್ದು ಯಾವುದೂ ಇಲ್ಲ, ಅದಕ್ಕೇ ಬುತ್ತಿಯೂ ಖಚಿತ ನಿರ್ಣಯವೂ ಮೊದಲು ಬರುತ್ತವೆ. ಆದರೆ ತಡವಾದ ಅಡ್ರಿನಲಿನ್‌ಗಿಂತ ಬೇಗ ಕೊಟ್ಟದ್ದು ಒಳ್ಳೆಯದು ಎಂಬುದರಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಉಸಿರು, ಧ್ವನಿ, ಪ್ರಜ್ಞೆ ಇವುಗಳಲ್ಲಿ ಒಂದು ಬದಲಾದರೂ ಕಾಯಬಾರದು. ಹೊರತೊಡೆಯ ನಡುಭಾಗಕ್ಕೆ ಚುಚ್ಚಬೇಕು, ಕಾಲು ಎತ್ತರಿಸಿ ಮಲಗಿಸಬೇಕು, ಉಸಿರಾಡಲು ಕಷ್ಟವಾದರೆ ಕೂರಿಸಿಕೊಳ್ಳಬೇಕು, ಥಟ್ಟನೆ ಎಬ್ಬಿಸಿ ನಡೆಸಬಾರದು. ಐದರಿಂದ ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಎರಡನೆಯ ಪ್ರಮಾಣ ಬೇಕಾಗುತ್ತದೆ, ಆದ್ದರಿಂದ ಚೀಲದಲ್ಲಿ ಎರಡು ಇರಬೇಕು. ಚೀಲ ಎಂದರೆ ಕಾಲ ಬಳಿ ಇರುವ ಕೈಚೀಲ. ಸರಕಿನ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಮದ್ದು ಇದ್ದೂ ಇಲ್ಲದಂತೆ. ಬೆಳಕು, ಬಿಸಿಲು ಅಡ್ರಿನಲಿನ್ನಿಗೆ ಆಗದು, 25 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಾದ ವಸ್ತು ಅದು. ಮೇ ತಿಂಗಳ ದೆಹಲಿಯಲ್ಲಿ, ಪೀತಮ್‌ಪುರದ ರಸ್ತೆಯಲ್ಲಿ ನಿಂತ ಕಾರಿನೊಳಗೆ ಬಿಟ್ಟುಬಂದರೆ ಅದರ ಬಲ ಕುಂದುತ್ತದೆ. ಕೆಂಪು ಮಾರ್ಗದ ಮೆಟ್ರೋ ಹಿಡಿದು ಕಾಶ್ಮೀರಿ ಗೇಟಿಗೆ, ಹಳದಿಯಲ್ಲಿ ನವದೆಹಲಿಗೆ, ಅಲ್ಲಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನಲ್ಲಿ ಮೂರನೇ ಟರ್ಮಿನಲ್ಲಿಗೆ ಹೋಗುವವರ ಮದ್ದು ತಂಪಾಗಿಯೇ ತಲುಪುತ್ತದೆ. ತಪಾಸಣೆಯಲ್ಲಿ ಸಿರಿಂಜು ಕಂಡು ಪ್ರಶ್ನೆ ಬಂದರೆ ವೈದ್ಯರ ಚೀಟಿ ಮಾತಾಡುತ್ತದೆ. ಮೇಲೆ ಚುಚ್ಚಿಸಿಕೊಂಡು ಚೇತರಿಸಿಕೊಂಡವರೂ ಇಳಿದ ಮೇಲೆ ಮನೆಗೆ ಹೋಗುವಂತಿಲ್ಲ, ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದು. ವಿಮಾನದ ಬಾಗಿಲಿಗೇ ಆಂಬುಲೆನ್ಸ್ ಬರುವಂತೆ ಸಿಬ್ಬಂದಿಗೆ ಮೊದಲೇ ತಿಳಿಸಬೇಕು. ಮುರಿದ ಆಂಪೂಲನ್ನೂ ಖಾಲಿ ಸಿರಿಂಜನ್ನೂ ಎಸೆಯದೆ ಡಬ್ಬಿಯಲ್ಲೇ ಹಾಕಿ, ಯಾವ ಹೊತ್ತಿಗೆ, ಎಷ್ಟು ಪ್ರಮಾಣ ಕೊಟ್ಟದ್ದೆಂದು ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಬರೆದು, ಎರಡನ್ನೂ ಆಸ್ಪತ್ರೆಯ ವೈದ್ಯರ ಕೈಗೆ ಕೊಡಬೇಕು.